ಮಣ್ಣಿನ ಬುಕ್ ಕೇಳಿ ಬಂದವನಿಗೆ ಏನು ಕೊಡಬೇಕು? ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯನ್‌ಗೆ ಒಂದು ಸಮಗ್ರ ಮಾರ್ಗದರ್ಶಿ

"ಮೇಡಂ, ಮಣ್ಣಿನ ಬುಕ್ ಉಂಟಾ?"

ಆಗಸ್ಟ್ ತಿಂಗಳು, ಜೋರು ಮಳೆ. ಸಿವಿಲ್ ವಿಭಾಗದ ಹುಡುಗನೊಬ್ಬ ಕೊಡೆಯನ್ನು ಬಾಗಿಲ ಹತ್ತಿರ ಇಟ್ಟು, ಕೈ ಒರೆಸಿಕೊಳ್ಳುತ್ತಾ ಕೌಂಟರಿಗೆ ಬಂದು ಕೇಳಿದ. ಸಾಯಿಲ್ ಮೆಕ್ಯಾನಿಕ್ಸ್ ಪುಸ್ತಕಗಳು ನಮ್ಮಲ್ಲಿ ಎರಡು ಕಪಾಟು ತುಂಬ ಇವೆ. ಆ ಕಡೆ ಕೈ ತೋರಿಸಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಗೇ ಮಾಡುತ್ತಿದ್ದೆ. ಅವತ್ತು ಪಕ್ಕದ ಕುರ್ಚಿ ಎಳೆದು ಕೊಟ್ಟು, "ಕೂತ್ಕೊ. ಎಂತ ಪ್ರಾಜೆಕ್ಟ್?" ಎಂದು ಕೇಳಿದೆ.

ಅವನ ಮನೆ ಹಿಂದಿನ ಗುಡ್ಡ ಹಿಂದಿನ ಮಳೆಗಾಲದಲ್ಲಿ ಜರಿದಿತ್ತು. ಮೇಲೆ ಗಟ್ಟಿ ಮುರಕಲ್ಲು (ಕೆಂಪುಕಲ್ಲು), ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುವ ಆ ಮಣ್ಣು ನೀರು ಕುಡಿದರೆ ಯಾಕೆ ಕುಸಿಯುತ್ತದೆ, ಏನು ಬೆರೆಸಿದರೆ ಗಟ್ಟಿಯಾಗುತ್ತದೆ ಅನ್ನುವುದು ಅವನಿಗೆ ಬೇಕಿತ್ತು. ಇದಕ್ಕೆ ಆ ಎರಡು ಕಪಾಟಿನಲ್ಲಿ ಪೂರ್ತಿ ಉತ್ತರ ಇಲ್ಲ.

ಮಂಗಳೂರು, ಉಡುಪಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಲೈಬ್ರರಿಯನ್ ಆಗಿ ಹೊಸದಾಗಿ ಸೇರುವವರಿಗೆ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು ಓದಿದರೂ ಒಳ್ಳೆಯದೇ. ನಮ್ಮ ಹತ್ತಿರ ಏನೇನು ಕೇಳಬಹುದು ಅಂತ ಗೊತ್ತಾಗುತ್ತದೆ. ಆ ಹುಡುಗನ ಶೇಡಿ ಮಣ್ಣನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೋಗೋಣ.

ಹೆಜ್ಜೆ 1: ಪ್ರಶ್ನೆಯ ಹಿಂದಿನ ಪ್ರಶ್ನೆ ಕೇಳಿ

ಕೌಂಟರಿಗೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಚಿಕ್ಕದಾಗಿರುತ್ತದೆ. "ಐಒಟಿ ಬುಕ್ ಉಂಟಾ", "ಬ್ಯಾಟರಿ ಬಗ್ಗೆ ಏನಾದ್ರೂ ಸಿಗ್ತದಾ". ಮಕ್ಕಳಿಗೆ ಸಂಕೋಚ ಇರುತ್ತದೆ. ಪೂರ್ತಿ ಹೇಳಿದರೆ ನಮ್ಮ ಸಮಯ ಹಾಳಾಗುತ್ತದೆ ಅಂದುಕೊಳ್ಳುತ್ತಾರೆ. ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ. ಇದು ಯಾತಕ್ಕೆ, ಅಂದರೆ ಸೆಮಿನಾರಿಗೋ, ಕೊನೆ ವರ್ಷದ ಪ್ರಾಜೆಕ್ಟಿಗೋ, ಪಿಎಚ್‌ಡಿಗೋ? ಈಗಾಗಲೇ ಏನು ಓದಿದ್ದಾರೆ? ಗೈಡ್ ಏನು ಹೇಳಿದ್ದಾರೆ? ಯಾವ ದಿನದೊಳಗೆ ಬೇಕು?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ನಾಳೆಯೇ ಬೇಕಿದ್ದವನಿಗೆ ಐವತ್ತು ಲೇಖನ ಹುಡುಕಿ ಕೊಟ್ಟರೆ ಅವನಿಗೆ ಉಪಕಾರವಾಗುವುದಿಲ್ಲ.

ನಮ್ಮ ವೃತ್ತಿಗೂ ಈ ಊರಿಗೂ ಒಂದು ನಂಟಿದೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ 1917ರಲ್ಲಿ ಪಾಠ ಹೇಳಲು ಶುರು ಮಾಡಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತದ ಮೇಷ್ಟ್ರಾಗಿ. ಹಂಪನಕಟ್ಟೆಯಲ್ಲಿರುವ ಈಗಿನ ಯುನಿವರ್ಸಿಟಿ ಕಾಲೇಜೇ ಅದು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು ಆಮೇಲೆ, 1924ರಲ್ಲಿ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ. ಮೊದಲ ಹತ್ತು ನಿಮಿಷ ಕೂತು ಮಾತಾಡಿದರೆ ಅವನ ಹತ್ತು ದಿನ ಉಳಿಯುತ್ತದೆ. ನನ್ನ ಅನುಭವದಲ್ಲಿ ಇದು ಸುಳ್ಳಾಗಿದ್ದೇ ಇಲ್ಲ.

ಹೆಜ್ಜೆ 2: ಹುಡುಕುವ ಮೊದಲು ಪದಗಳನ್ನು ಕಾಗದದ ಮೇಲೆ ಬರೆಸಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ನಾವು ಶೇಡಿ ಮಣ್ಣು ಅನ್ನುವುದನ್ನು ಜಗತ್ತಿನ ಉಳಿದವರು ಹಾಗೆ ಕರೆಯುವುದಿಲ್ಲ. ಸಂಶೋಧನಾ ಲೇಖನಗಳಲ್ಲಿ ಅದರ ಹೆಸರು ಲಿಥೊಮಾರ್ಜಿಕ್ ಕ್ಲೇ. ಕೆಲವರು ಬರೀ ಲಿಥೊಮಾರ್ಜ್ ಎಂದು ಬರೆಯುತ್ತಾರೆ, ಇನ್ನು ಕೆಲವರು ಲ್ಯಾಟರಿಟಿಕ್ ಸಾಯಿಲ್ ಅನ್ನುವ ದೊಡ್ಡ ಗುಂಪಿಗೆ ಸೇರಿಸುತ್ತಾರೆ. ನಮ್ಮ ಕಡೆಯ ಸಂಶೋಧಕರು ಶೇಡಿ ಸಾಯಿಲ್ ಎಂದೇ ಇಂಗ್ಲಿಷಿನಲ್ಲಿ ಬರೆದ ಲೇಖನಗಳೂ ಇವೆ. ಆ ಹುಡುಗ ಹದಿನೈದು ದಿನ 'ರೆಡ್ ಸಾಯಿಲ್' ಎಂದು ಹುಡುಕಿ, ಏನೂ ಸಿಗದೆ ಸೋತು ಬಂದಿದ್ದ.

ಒಂದು ಹಾಳೆಯಲ್ಲಿ ಮೂರು ಕಂಬ (ಕಾಲಂ) ಗೆರೆ ಎಳೆಸಿ. ಮೊದಲ ಕಂಬದಲ್ಲಿ ವಸ್ತುವಿನ ಹೆಸರುಗಳು: ಲಿಥೊಮಾರ್ಜಿಕ್ ಕ್ಲೇ, ಶೇಡಿ ಸಾಯಿಲ್, ಲ್ಯಾಟರಿಟಿಕ್ ಸಾಯಿಲ್. ಎರಡನೆಯದರಲ್ಲಿ ಅದಕ್ಕೆ ಏನು ಮಾಡುತ್ತೇವೆ ಅನ್ನುವುದು: ಸ್ಟೆಬಿಲೈಸೇಷನ್ (ಗಟ್ಟಿ ಮಾಡುವುದು), ರೀಇನ್‌ಫೋರ್ಸ್‌ಮೆಂಟ್. ಮೂರನೆಯದರಲ್ಲಿ ಬೆರೆಸುವ ವಸ್ತು: ಸಿಮೆಂಟ್, ಸುಣ್ಣ, ಫ್ಲೈ ಆಶ್ (ಹಾರುಬೂದಿ), ತೆಂಗಿನ ನಾರು.

ಇನ್ನು ಜೋಡಿಸುವುದು ಸುಲಭ. ಒಂದೇ ಕಂಬದ ಪದಗಳ ನಡುವೆ 'ಆರ್' ಹಾಕಿ ಬ್ರಾಕೆಟ್ಟಿನಲ್ಲಿ ಕಟ್ಟಿ. ಕಂಬ ಕಂಬಗಳ ನಡುವೆ 'ಆಂಡ್' ಹಾಕಿ. ಎರಡು ಪದ ಒಟ್ಟಿಗೇ ಬರಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಅದು ಹೀಗೆ ಕಾಣುತ್ತದೆ:

("ಲಿಥೊಮಾರ್ಜಿಕ್ ಕ್ಲೇ" ಆರ್ "ಶೇಡಿ ಸಾಯಿಲ್") ಆಂಡ್ (ಸ್ಟೆಬಿಲಿ*) ಆಂಡ್ ("ಫ್ಲೈ ಆಶ್" ಆರ್ ಸಿಮೆಂಟ್)

ಟೈಪ್ ಮಾಡುವುದು ಇಂಗ್ಲಿಷಿನಲ್ಲಿ, ಕ್ರಮ ಇದೇ. ಆ ನಕ್ಷತ್ರ ಯಾಕೆ ಅಂದರೆ, ಸ್ಟೆಬಿಲೈಸೇಷನ್ ಪದವನ್ನು ಬ್ರಿಟಿಷರು 'ಎಸ್' ಹಾಕಿ ಬರೆಯುತ್ತಾರೆ, ಅಮೆರಿಕದವರು 'ಝೆಡ್' ಹಾಕುತ್ತಾರೆ. ಪದವನ್ನು ಅದಕ್ಕೂ ಮೊದಲೇ ನಿಲ್ಲಿಸಿ ನಕ್ಷತ್ರ ಹಾಕಿದರೆ ಎರಡೂ ಬಲೆಗೆ ಬೀಳುತ್ತವೆ. ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ಲೇಖನ ಹುಡುಕುವ ಡೇಟಾಬೇಸುಗಳಲ್ಲಿ ಇದು ನಡೆಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ಎರಡೂ ಕಾಗುಣಿತ ಬೇರೆ ಬೇರೆ ಹಾಕಿಸಿ.

ಕೀಬೋರ್ಡ್ ಅವರ ಕೈಯಲ್ಲೇ ಇರಲಿ. ನಾವೇ ಟಕಟಕ ಒತ್ತಿ ತೋರಿಸಿದರೆ ಅವರಿಗೆ ಏನೂ ಉಳಿಯುವುದಿಲ್ಲ.

ಹೆಜ್ಜೆ 3: ಎಲ್ಲಿ ಹುಡುಕಬೇಕು ಅನ್ನುವ ದಾರಿ ತೋರಿಸಿ

ಮೊದಲು ನಮ್ಮದೇ ಕಪಾಟು. ಡ್ಯೂಯಿ ವರ್ಗೀಕರಣದಲ್ಲಿ ಅಡಿಪಾಯ ಮತ್ತು ಮಣ್ಣಿನ ಪುಸ್ತಕಗಳು 624.15ರಲ್ಲಿ ಇರುತ್ತವೆ. ರಸ್ತೆ 625.7ರಲ್ಲಿ, ಕಟ್ಟಡ ಸಾಮಗ್ರಿ 691ರಲ್ಲಿ. ಶೇಡಿ ಮಣ್ಣಿನ ವಿಷಯ ಈ ಮೂರೂ ಕಡೆ ಹಂಚಿಹೋಗಿದೆ. ವಿದ್ಯಾರ್ಥಿಗೆ ಇದು ಗೊತ್ತಿರುವುದಿಲ್ಲ, ಒಂದು ಕಪಾಟು ನೋಡಿ ಹೋಗಿಬಿಡುತ್ತಾನೆ. ಎದ್ದು ಅವನ ಜೊತೆ ನಡೆದು ಹೋಗಿ ತೋರಿಸಿ.

ಆಮೇಲೆ ಜರ್ನಲ್‌ಗಳು. ಇಲ್ಲಿ ನಮ್ಮ ಕಾಲೇಜು ಯಾವ ಬಗೆಯದು ಅನ್ನುವುದು ಮುಖ್ಯ. ಕೇಂದ್ರ ಸರ್ಕಾರದ 'ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಸಂಸ್ಥೆ ಅದನ್ನು ನಡೆಸುತ್ತದೆ. ಆದರೆ ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಸಂಸ್ಥೆಗಳಿಗಾಗಿ ಮಾಡಿದ ಯೋಜನೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಅದು ಸಿಗುತ್ತದೆ, ನಮ್ಮ ಕರಾವಳಿಯ ಬಹುಪಾಲು ಖಾಸಗಿ ಕಾಲೇಜುಗಳಿಗೆ ಸಿಗುವುದಿಲ್ಲ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜುಗಳಿಗೆ, ಒಟ್ಟಾಗಿ ಡೇಟಾಬೇಸ್ ಪಡೆಯುವ ವಿಟಿಯು ಕನ್ಸಾರ್ಷಿಯಂ ಇದೆ. ನಿಮ್ಮಲ್ಲಿ ಯಾವ ಯಾವ ಡೇಟಾಬೇಸ್ ಇದೆ, ಮನೆಯಿಂದ ಲಾಗಿನ್ ಆಗುವುದು ಹೇಗೆ ಅನ್ನುವುದನ್ನು ಒಂದೇ ಪುಟದಲ್ಲಿ ಬರೆದು ಕೌಂಟರಿನಲ್ಲಿ ಅಂಟಿಸಿ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಓದಲು ಕೂರುವವರೇ ಜಾಸ್ತಿ.

ಬೇಕಾದ ಲೇಖನ ನಮ್ಮಲ್ಲಿ ಇಲ್ಲದಿದ್ದರೆ "ಇಲ್ಲ" ಎಂದು ಅಲ್ಲಿಗೇ ಬಿಡಬೇಡಿ. ಅದೇ ಲೇಖನದ ಮುಕ್ತ ಪ್ರತಿ ಲೇಖಕರ ಸಂಸ್ಥೆಯ ಭಂಡಾರದಲ್ಲಿ ಇದೆಯಾ ನೋಡಿ. ಡೆಲ್‌ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯತ್ವ ಇದ್ದರೆ ಬೇರೆ ಲೈಬ್ರರಿಯಿಂದ ತರಿಸಿ. ಅದೂ ಆಗದಿದ್ದರೆ ಲೇಖಕರಿಗೇ ನಾಲ್ಕು ಸಾಲಿನ ವಿನಯದ ಇಮೇಲ್ ಬರೆಯಲು ವಿದ್ಯಾರ್ಥಿಗೆ ಹೇಳಿಕೊಡಿ. ಬಹಳ ಜನ ಖುಷಿಯಿಂದ ಕಳುಹಿಸುತ್ತಾರೆ.

ಪಿಎಚ್‌ಡಿ ಪ್ರಬಂಧಗಳನ್ನು ಮಾತ್ರ ಬಿಡಲೇಬೇಡಿ. ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಮ್ಮ ಶೇಡಿ ಮಣ್ಣಿನ ಮೇಲೆ ಎನ್‌ಐಟಿಕೆಯಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಒಂದು ಒಳ್ಳೆಯ ಪ್ರಬಂಧದ ಎರಡನೇ ಅಧ್ಯಾಯ ಸಿಕ್ಕಿತು ಅಂದರೆ ಅಲ್ಲಿಯವರೆಗಿನ ಸಾಹಿತ್ಯವೆಲ್ಲ ಒಂದೇ ಕಡೆ ಸಿಕ್ಕ ಹಾಗೆ. ಅದನ್ನು ನಕಲು ಮಾಡಬಾರದು, ದಾರಿ ಹುಡುಕಲು ಬಳಸಬೇಕು ಅನ್ನುವುದನ್ನು ಅದೇ ಹೊತ್ತಿಗೆ ಹೇಳಿಬಿಡಿ.

ಹೆಜ್ಜೆ 4: ಐಎಸ್ ಕೋಡ್ ಓದಲು ಕಲಿಸಿ

ಎಂಜಿನಿಯರಿಂಗ್ ಲೈಬ್ರರಿಯನ್ ಬೇರೆ ಲೈಬ್ರರಿಯನ್‌ಗಳಿಗಿಂತ ಬೇರೆಯಾಗುವುದು ಇಲ್ಲೇ. ಐಎಸ್ ಕೋಡ್ ಅಂದರೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಪ್ರಕಟಿಸುವ ಮಾನಕ. ಕಲಾ ಕಾಲೇಜಿನಲ್ಲಿ ಯಾರೂ ಕೋಡ್ ಕೇಳುವುದಿಲ್ಲ, ನಮ್ಮಲ್ಲಿ ಅದಿಲ್ಲದೆ ಪ್ರಾಜೆಕ್ಟೇ ಇಲ್ಲ.

ಮಣ್ಣಿನ ಪರೀಕ್ಷೆಗಳಿಗೆ ಐಎಸ್ 2720. ಅದು ಒಂದು ಪುಸ್ತಕವಲ್ಲ, ಹಲವು ಭಾಗಗಳ ಸರಣಿ. ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್ ಭಾಗ 5ರಲ್ಲಿ ಇವೆ, ಲೈಟ್ ಕಾಂಪ್ಯಾಕ್ಷನ್ ಭಾಗ 7ರಲ್ಲಿ ಇದೆ. "ಐಎಸ್ 2720 ಪ್ರಕಾರ ಮಾಡಿದೆವು" ಎಂದು ಸುಮ್ನೆ ಬರೆದರೆ ಯಾವ ಪರೀಕ್ಷೆ ಅಂತ ಓದಿದವರಿಗೆ ತಿಳಿಯುವುದಿಲ್ಲ. ಭಾಗ ಮತ್ತು ವರ್ಷ ಎರಡನ್ನೂ ಬರೆಸಿ. ಕಾಂಕ್ರೀಟಿನದು ಐಎಸ್ 456, ಅದು 2000ದ ಆವೃತ್ತಿ.

ನಮ್ಮ ಊರಿನ ವಸ್ತುಗಳಿಗೂ ಕೋಡ್ ಇದೆ ಎಂದು ಹೇಳಿದಾಗ ಮಕ್ಕಳ ಮುಖ ನೋಡಬೇಕು. ಕೆಂಪುಕಲ್ಲಿಗೆ ಐಎಸ್ 3620. ಮಂಗಳೂರು ಹೆಂಚಿಗೆ ಐಎಸ್ 654, ಅದರ ಶೀರ್ಷಿಕೆಯಲ್ಲೇ ನಮ್ಮ ಊರಿನ ಹೆಸರಿದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಹೆಂಚು ಇವತ್ತು ದೇಶದ ಮಾನಕದಲ್ಲಿ ಕೂತಿದೆ. ಅಜ್ಜನ ಮನೆಯ ಮಾಡಿನಿಂದ ಒಂದು ಹಳೆ ಹೆಂಚು ತಂದು, ಎಷ್ಟು ಭಾರ ತಡೆಯುತ್ತದೆ, ಎಷ್ಟು ನೀರು ಹೀರುತ್ತದೆ ಎಂದು ಕೋಡ್ ಮುಂದಿಟ್ಟುಕೊಂಡು ಪರೀಕ್ಷಿಸಿದರೆ ಅದೇ ಒಂದು ಒಳ್ಳೆಯ ಮಿನಿ ಪ್ರಾಜೆಕ್ಟ್.

ಕೋಡ್ ಕೈಗೆ ಸಿಕ್ಕ ಕೂಡಲೇ ಮೊದಲ ಪುಟ ನೋಡುವ ಅಭ್ಯಾಸ ಮಾಡಿಸಿ. ಸಂಖ್ಯೆ, ವರ್ಷ, ಎಷ್ಟನೇ ಪರಿಷ್ಕರಣೆ, ಯಾವಾಗ ಮರುದೃಢೀಕರಣ ಆಗಿದೆ, ತಿದ್ದುಪಡಿಗಳು ಎಷ್ಟು ಬಂದಿವೆ. ಕಪಾಟಿನಲ್ಲಿರುವ ಹಳದಿಯಾದ ಮುದ್ರಿತ ಪ್ರತಿಯಲ್ಲಿ ಹೊಸ ತಿದ್ದುಪಡಿ ಇರುವುದಿಲ್ಲ. ಬಿಐಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ನಮ್ಮ ದೇಶದಲ್ಲೇ ರೂಪಿಸಿದ ಕೋಡ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅಂಗಡಿಯ ಹಳೇ ಜೆರಾಕ್ಸ್ ನಂಬಿ ಲೆಕ್ಕ ಹಾಕುವುದು ಬೇಡ.

ಹೆಜ್ಜೆ 5: ಪೇಟೆಂಟ್

ಇದು ಎಲ್ಲರಿಗೂ ಬೇಕಾಗುವುದಿಲ್ಲ. ಏನನ್ನಾದರೂ ಹೊಸದಾಗಿ ಮಾಡುತ್ತೇವೆ ಅನ್ನುವವರಿಗೆ ಮಾತ್ರ ಪೇಟೆಂಟ್ ಹುಡುಕುವ ತಾಣಗಳಾದ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮತ್ತು ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್ ತೋರಿಸಿ. ಪದ ಹಾಕಿ ಹುಡುಕುವುದಕ್ಕಿಂತ ವರ್ಗದ ಸಂಖ್ಯೆಯಿಂದ ಹುಡುಕಿದರೆ ಫಲ ಜಾಸ್ತಿ. ಉದಾಹರಣೆಗೆ ಮನೆ ಮಾಡಿನ, ಹೆಂಚಿನ ಹೊದಿಕೆಗಳೆಲ್ಲ ಇ04ಡಿ ವರ್ಗದಲ್ಲಿ ಬರುತ್ತವೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳ ಬಳಿಕವೇ ಪ್ರಕಟವಾಗುವುದರಿಂದ, ಇವತ್ತು ಕಾಣದಿದ್ದರೆ ಇಲ್ಲವೇ ಇಲ್ಲ ಅಂತಲ್ಲ ಎಂದು ತಿಳಿಸಿ.

ಹೆಜ್ಜೆ 6: ಸಿಕ್ಕಿದ್ದನ್ನು ಸಿಕ್ಕ ದಿನವೇ ಜೋಡಿಸಿಡಿಸಿ

ಲೇಖನಗಳ ಉಲ್ಲೇಖ ಜೋಡಿಸಿಡುವ ಸಾಫ್ಟ್‌ವೇರ್ ಝೊಟೆರೊ ಉಚಿತ. ಲ್ಯಾಪ್‌ಟಾಪಿಗೆ ಹಾಕಿ, ಬ್ರೌಸರಿನ ಬಟನ್ ಒತ್ತಿ ಒಂದು ಲೇಖನ ಉಳಿಸಿ, ವರ್ಡ್ ಕಡತದಲ್ಲಿ ಐಟ್ರಿಪಲ್‌ಇ ಶೈಲಿಯಲ್ಲಿ ಒಂದು ಉಲ್ಲೇಖ ಹಾಕಿಸಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಲೇಟೆಕ್‌ನಲ್ಲಿ ಬರೆಯುವವರಿಗೆ ಅದೇ ಪಟ್ಟಿಯನ್ನು ಬಿಬ್‌ಟೆಕ್ ಕಡತವಾಗಿ ತೆಗೆಯುವುದನ್ನು ತೋರಿಸಿ. ಸಾಫ್ಟ್‌ವೇರ್ ತಂದ ಮಾಹಿತಿಯಲ್ಲಿ ತಪ್ಪಿರುತ್ತದೆ. ಲೇಖಕರ ಹೆಸರು, ವರ್ಷ, ಪುಟ ಇಷ್ಟನ್ನು ಮೂಲದ ಜೊತೆ ತಾಳೆ ನೋಡಬೇಕು.

ಈಗ ಹೊಸದೊಂದು ತೊಂದರೆ ಬಂದಿದೆ. ಎಐ ಚಾಟ್‌ಬಾಟ್ ಹತ್ತಿರ ಉಲ್ಲೇಖ ಕೇಳಿ, ಅದು ಕೊಟ್ಟ ಪಟ್ಟಿ ಹಿಡಿದು "ಈ ಪೇಪರ್ ತರಿಸಿಕೊಡಿ" ಎಂದು ಬರುತ್ತಾರೆ. ಲೇಖಕರು ನಿಜ, ಜರ್ನಲ್ ನಿಜ, ಆದರೆ ಆ ಲೇಖನವೇ ಇರುವುದಿಲ್ಲ. ಬೈಯಬೇಡಿ. ಪಕ್ಕದಲ್ಲಿ ಕೂರಿಸಿ ಮೂರು ಪರೀಕ್ಷೆ ಮಾಡಿಸಿ. ಡಿಒಐ, ಅಂದರೆ ಲೇಖನದ ಶಾಶ್ವತ ಗುರುತು ಸಂಖ್ಯೆ ಹಾಕಿದರೆ ಅದೇ ಲೇಖನ ತೆರೆಯುತ್ತದಾ? ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ ಹುಡುಕಿದರೆ ಸಿಗುತ್ತದಾ? ಜರ್ನಲ್‌ನ ಆ ಸಂಪುಟದ ಪರಿವಿಡಿಯಲ್ಲಿ, ಆ ಪುಟದಲ್ಲಿ ಅದು ಇದೆಯಾ? ಒಮ್ಮೆ ತಾವೇ ಕಣ್ಣಾರೆ ಕಂಡರೆ ಮತ್ತೆ ಹಾಗೆ ಮಾಡುವುದಿಲ್ಲ.

ಹೆಜ್ಜೆ 7: ಸಾಮ್ಯತೆ ವರದಿಯನ್ನು ಜೊತೆಗೆ ಕೂತು ಓದಿ

ನಾನು ಮಾಡಿದ ಒಂದು ತಪ್ಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಪ್ರಬಂಧ ಸಲ್ಲಿಸಲು ನಾಲ್ಕು ದಿನ ಇದ್ದಾಗ ಬಂದರು. ಬರಹ ಬೇರೆ ಬರಹಗಳಿಗೆ ಎಷ್ಟು ಹೋಲುತ್ತದೆ ಎಂದು ನೋಡುವ ಸಾಫ್ಟ್‌ವೇರಿನಲ್ಲಿ ಹಾಕಿ, ಬಂದ ಶೇಕಡಾವಾರು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ವರದಿ ತೆರೆದು ತೋರಿಸಲಿಲ್ಲ. ಅವರು ಗಾಬರಿಯಾಗಿ ರಾತ್ರಿಯೆಲ್ಲ ಕೂತು ಪದ ಪದ ಬದಲಿಸಿದರು. 'ಬೇರಿಂಗ್ ಕೆಪ್ಯಾಸಿಟಿ' ಹೋಗಿ 'ಕ್ಯಾರಿಯಿಂಗ್ ಎಬಿಲಿಟಿ' ಬಂತು. ಸಂಖ್ಯೆ ಇಳಿಯಿತು, ಪ್ರಬಂಧ ಕೆಟ್ಟಿತು. ಗೈಡ್ ಅದನ್ನು ವಾಪಸ್ ಕಳುಹಿಸಿದರು. ಅದಕ್ಕಾಗಿ ಅವರ ಮೂರು ವಾರ ಹೋಯಿತು.

ಅವರ ವರದಿಯನ್ನು ಆಮೇಲೆ ತೆರೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಬಣ್ಣ ಬಿದ್ದಿದ್ದು ಉಲ್ಲೇಖ ಪಟ್ಟಿಗೆ ಮತ್ತು ಪರೀಕ್ಷಾ ವಿಧಾನದ ಹೆಸರುಗಳಿಗೆ. ಅವೆರಡನ್ನು ಹೊರಗಿಟ್ಟಿದ್ದರೆ ಅವರು ಒಂದು ಪದ ಕೂಡ ಬದಲಿಸಬೇಕಿರಲಿಲ್ಲ.

ನಿಯಮ ಹೀಗಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ಪ್ರಕಾರ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಪ್ರಬಂಧದಲ್ಲಿ ಶೇ. 10ರಿಂದ 40 ಇದ್ದರೆ ಆರು ತಿಂಗಳ ಒಳಗಿನ ಗಡುವಿನಲ್ಲಿ ತಿದ್ದಿ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಹೆಸರು ಹೇಳಿ ಉದ್ಧರಿಸಿದ ಭಾಗ, ಉಲ್ಲೇಖ ಪಟ್ಟಿ, ಪರಿವಿಡಿ, ಕೃತಜ್ಞತೆ, ಸಾಮಾನ್ಯ ಪದಗಳು, ಪ್ರಮಾಣಿತ ಸಮೀಕರಣಗಳು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಮೊದಲ ಅಧ್ಯಾಯ ಬರೆದು ಮುಗಿದ ಕೂಡಲೇ ವರದಿ ತೆಗೆಯಿರಿ. ಬಣ್ಣ ಬಿದ್ದ ಒಂದೊಂದು ಸಾಲನ್ನೂ ಜೊತೆಗೆ ನೋಡಿ. ಇದು ಮೂಲ ಹೇಳದೆ ಎತ್ತಿದ್ದಾ, ಹೇಳಿ ಎತ್ತಿದ್ದಾ, ಎಲ್ಲರೂ ಹೀಗೇ ಬರೆಯುವ ಮಾತಾ? ಮೂರಕ್ಕೂ ಬೇರೆ ಬೇರೆ ಪರಿಹಾರ. ಎತ್ತಿದ್ದಾದರೆ ಪದ ಬದಲಿಸಿದರೆ ಸಾಲದು. ಮೂಲ ಲೇಖನ ಮುಚ್ಚಿಟ್ಟು, ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ಹೇಳಲು ಹೇಳಿ. ಹೇಳಿದ್ದನ್ನೇ ಬರೆಸಿ, ಮೂಲವನ್ನೂ ಹೆಸರಿಸಲು ಹೇಳಿ.

ಹೆಜ್ಜೆ 8: ಎಲ್ಲಿ ಪ್ರಕಟಿಸುವುದು?

"ಮೇಡಂ, ಮೂರು ದಿನದಲ್ಲಿ ಪಬ್ಲಿಷ್ ಮಾಡ್ತಾರಂತೆ" ಎಂದು ಯಾರಾದರೂ ಬಂದರೆ ಹಣ ಕಟ್ಟುವ ಮೊದಲೇ ತಡೆಯಿರಿ. ಮೂರು ದಿನದಲ್ಲಿ ಯಾವ ತಜ್ಞರೂ ಲೇಖನ ಓದಿ ಅಭಿಪ್ರಾಯ ಕೊಡಲು ಆಗುವುದಿಲ್ಲ. ಮೊದಲು ಒಳ್ಳೆಯ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ ನೋಡಿ ಅನ್ನುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸಿದೆ, ಈಗ ಜರ್ನಲ್ ಅಳೆಯುವ ಜವಾಬ್ದಾರಿ ಸಂಸ್ಥೆಗಳ ಮೇಲೇ ಇದೆ. ಹಾಗಾಗಿ ನಮ್ಮ ಕೆಲಸ ಜಾಸ್ತಿಯಾಗಿದೆ.

ಸಂಪಾದಕ ಮಂಡಳಿಯ ಇಬ್ಬರ ಹೆಸರನ್ನು ಅವರ ಸಂಸ್ಥೆಯ ಪುಟದಲ್ಲಿ ಹುಡುಕಿಸಿ. ಹಿಂದಿನ ಸಂಚಿಕೆಯ ಎರಡು ಲೇಖನ ಓದಿಸಿ. ಸ್ಕೋಪಸ್‌ನಲ್ಲಿ ಇದೆ ಅಂದರೆ ಸ್ಕೋಪಸ್‌ನ ಪಟ್ಟಿಯಲ್ಲೇ ನೋಡಿ, ಜರ್ನಲ್ ತನ್ನ ಬಗ್ಗೆ ಬರೆದುಕೊಂಡಿದ್ದನ್ನು ನಂಬಬೇಡಿ. ಅಲ್ಲಿಂದ ಕೈಬಿಟ್ಟ ಜರ್ನಲ್‌ಗಳಿಗೂ ಬೇರೆ ಪಟ್ಟಿ ಇದೆ. ಒಳ್ಳೆಯ ಜರ್ನಲ್ ಹೆಸರಿನಲ್ಲೇ ನಕಲಿ ತಾಣ ತೆರೆಯುವವರೂ ಇದ್ದಾರೆ. ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತು ಸಂಖ್ಯೆ) ಮತ್ತು ತಾಣದ ವಿಳಾಸ ಎರಡೂ ಹೊಂದುತ್ತವಾ ನೋಡಿ.

ಹೆಜ್ಜೆ 9: ಸಂಶೋಧಕರ ಹೆಸರು ಕಾಪಾಡಿ

ನಮ್ಮ ಕಡೆ ಶೆಟ್ಟಿ, ರಾವ್, ಭಟ್, ಡಿಸೋಜ ಎಷ್ಟು ಜನ ಇದ್ದಾರೆ, ಅಲ್ವಾ? ಇನಿಷಿಯಲ್ ಒಮ್ಮೆ ಮೊದಲು, ಒಮ್ಮೆ ಕೊನೆಗೆ. ಇಂಗ್ಲಿಷಿನಲ್ಲಿ ಬರೆಯುವಾಗ ಡಿಸೋಜದ ನಡುವಿನ ಆ ಸಣ್ಣ ಚಿಹ್ನೆ (ಅಪಾಸ್ಟ್ರಫಿ) ಒಂದು ಲೇಖನದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಡೇಟಾಬೇಸ್ ಒಬ್ಬರನ್ನೇ ಮೂವರಾಗಿ ಮಾಡುತ್ತದೆ, ಮೂವರನ್ನು ಒಬ್ಬರನ್ನಾಗಿಯೂ ಮಾಡುತ್ತದೆ. ಆರ್ಕಿಡ್ ಎನ್ನುವ 16 ಅಂಕಿಯ ಗುರುತು ಉಚಿತವಾಗಿ ಸಿಗುತ್ತದೆ. ಪಿಎಚ್‌ಡಿ ಸೇರಿದ ವಾರವೇ ಮಾಡಿಸಿ, ಹೆಸರನ್ನು ಮುಂದೆ ಯಾವ ರೂಪದಲ್ಲಿ ಬರೆಯುತ್ತೀರಿ ಎಂದು ಅವತ್ತೇ ತೀರ್ಮಾನ ಮಾಡಿಸಿ. ಹತ್ತು ಲೇಖನ ಬಂದ ಮೇಲೆ ಬಿಡಿಸುವುದು ಕಷ್ಟ.

ಹೆಜ್ಜೆ 10: ಸರಿಯಾದ ಸಮಯಕ್ಕೆ ಹೋಗಿ

ಮೊದಲ ವರ್ಷದವರಿಗೆ ಸೇರಿದ ವಾರದಲ್ಲಿ ಡೇಟಾಬೇಸ್ ಬಗ್ಗೆ ಭಾಷಣ ಮಾಡಿದರೆ ಯಾರಿಗೂ ನೆನಪಿರುವುದಿಲ್ಲ. ಪುಸ್ತಕ ತೆಗೆದುಕೊಳ್ಳುವುದು, ಹುಡುಕುವುದು ಇಷ್ಟು ತೋರಿಸಿದರೆ ಸಾಕು. ಹುಡುಕುವ ಕ್ರಮ, ಕೋಡ್, ಝೊಟೆರೊ ಇವೆಲ್ಲ ಪ್ರಾಜೆಕ್ಟ್ ಗುಂಪು ಕಟ್ಟಿದ ವಾರಕ್ಕೇ ಇಟ್ಟುಕೊಳ್ಳಿ. ವಿಭಾಗದ ಪ್ರಾಜೆಕ್ಟ್ ಸಂಯೋಜಕರ ಹತ್ತಿರ ಒಂದು ಲ್ಯಾಬ್ ಅವಧಿ ಕೇಳಿ ತೆಗೆದುಕೊಳ್ಳಿ. ಎಲ್ಲರೂ ತಮ್ಮದೇ ವಿಷಯ ಹಿಡಿದು ಬರಲಿ.

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾಂಕ, ವಿಭಾಗ, ಮೊದಲು ಕೇಳಿದ್ದು, ನಿಜವಾಗಿ ಬೇಕಿದ್ದು, ಸಿಕ್ಕಿತಾ ಇಲ್ಲವಾ. ಹೆಸರು ಬೇಡ. ನನ್ನ ನೋಟ್‌ಬುಕ್ಕಿನಲ್ಲಿ ಆ ಆಗಸ್ಟ್ ದಿನದ ಸಾಲು ಹೀಗಿದೆ: 'ಸಿವಿಲ್. ಮಣ್ಣಿನ ಬುಕ್. ಶೇಡಿ ಮಣ್ಣು ನೀರಿಗೆ ಕುಸಿಯುವುದು, ಫ್ಲೈ ಆಶ್ ಬೆರೆಸಿ ಗಟ್ಟಿ ಮಾಡುವುದು. ಲೇಖನ 11, ಪ್ರಬಂಧ 2, ಕೋಡ್ 3. ಪುಸ್ತಕ ಇಲ್ಲ.' ಮೇ ತಿಂಗಳಲ್ಲಿ ಮುಂದಿನ ವರ್ಷದ ಖರೀದಿ ಪಟ್ಟಿ ಮಾಡಲು ಕೂತಾಗ ಆ ನೋಟ್‌ಬುಕ್ ತೆರೆದೆ. 'ಪುಸ್ತಕ ಇಲ್ಲ' ಎಂದು ಬರೆದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಿದೆ.